ಮೊಬೈಲಿನಲ್ಲಿ ಮಂಗಳಾರತಿ ನೋಡುವಾಗ ಚಪ್ಪಲಿ ಬಿಡಬೇಕಾ? ಅವ್ವ ಕೇಳಿದ ಪ್ರಶ್ನೆ

ಉಣಕಲ್_ದಂಡೆ · ಸೋಮವಾರ, ರಾತ್ರಿ 9:40

ತಮಾಷೆಗೆ ಹಾಕಿದ ತಲೆಬರಹ ಅಲ್ಲ. ಅವ್ವ ನಿಜವಾಗಿ ಕೇಳಿದ್ದು.

ಅವರಿಗೆ 74. ಮೊಣಕಾಲು ಕೈ ಕೊಟ್ಟಿವೆ. ಮೊದಲು ಪ್ರತಿ ಸೋಮವಾರ ತಪ್ಪದೆ ಸಿದ್ಧಾರೂಢ ಮಠಕ್ಕೆ ಹೋಗುತ್ತಿದ್ದರು. ಉಣಕಲ್‌ನಿಂದ ಚಿಗರಿ ಬಸ್ಸು, ಇಳಿದ ಮೇಲೆ ಆಟೋ. ಈಗ ಎರಡು ವರ್ಷದಿಂದ ನಾನೇ ಮೊಬೈಲ್ ಹಚ್ಚಿ ಕೊಡುತ್ತೇನೆ. ಯಾರಾದರೂ ಲೈವ್ ಬಿಟ್ಟಿರುತ್ತಾರೆ, ಇಲ್ಲದಿದ್ದರೆ ಹಳೆಯ ವಿಡಿಯೋ. ಅವ್ವ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಫೋನನ್ನು ಜಗುಲಿಯ ಮೇಲೆ ಅವಲಕ್ಕಿ ಡಬ್ಬಿಗೆ ಆನಿಸಿಟ್ಟು ಕೂರುತ್ತಾರೆ.

ಇವತ್ತು ಸರಿಯಾಗಿ ಆರತಿ ಎತ್ತುವ ಹೊತ್ತಿಗೆ ಸಾಲ ಕೊಡುವ ಯಾವುದೋ ಆ್ಯಪ್‌ನ ಜಾಹೀರಾತು ಬಂತು. ಅವ್ವ ಮುಗಿದ ಕೈ ಇಳಿಸಲಿಲ್ಲ. ಐದು ಸೆಕೆಂಡು ಸಾಲದ ಆ್ಯಪ್‌ಗೇ ಕೈ ಮುಗಿದು ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಇದನ್ನ ನೋಡುವಾಗ ಚಪ್ಪಲಿ ಬಿಡಬೇಕೇನು? ಇದು ಲೆಕ್ಕಕ್ಕ ಹಿಡೀತದೇನು?" ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಲು ಡಾಕ್ಟರ್ ಹೇಳಿದ್ದಾರೆ, ಅದಕ್ಕೆ ಈ ಪ್ರಶ್ನೆ.

ನನಗೆ ಉತ್ತರ ಹೊಳೆಯಲಿಲ್ಲ. ನಿಮ್ಮ ಮನೆಗಳಲ್ಲಿ ಏನು ನಡೆದಿದೆ ಹೇಳಿ. ರಾಜಕೀಯ ಬೇಡ, ಕೈ ಮುಗಿಯುತ್ತೇನೆ.

ಕೊಪ್ಪಿಕರ್_ರೋಡ್ · 9:52

ದುಡ್ಡು ಕಟ್ಟಿ ಪ್ರೀಮಿಯಂ ತಗೊಳ್ಳಿ, ಜಾಹೀರಾತು ಬರಲ್ಲ. ಮುಗೀತಲ್ವಾ?

ಲೈನ್‌ಬಜಾರ್_ಮೇಷ್ಟ್ರು · 10:15

ಚಪ್ಪಲಿಯ ಪ್ರಶ್ನೆಗೆ 1987ರಲ್ಲೇ ಉತ್ತರ ಸಿಕ್ಕಿದೆ. ದೂರದರ್ಶನದಲ್ಲಿ ರವಿವಾರ ಬೆಳಿಗ್ಗೆ ರಾಮಾಯಣ ಬರುತ್ತಿತ್ತು. ನಮ್ಮ ಓಣಿಗೆ ಇದ್ದದ್ದು ಎರಡೇ ಟಿವಿ. ಟಿವಿಗೆ ಮಾಲೆ, ಮುಂದೆ ಊದಿನಕಡ್ಡಿ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಬಿಟ್ಟು ಬನ್ನಿ ಎಂದು ಯಾರೂ ಹೇಳಿರಲಿಲ್ಲ.

ಅದಕ್ಕೂ ಹಿಂದೆ ಹೋದರೆ, ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಬೆಳಗಿನ ಭಕ್ತಿಗೀತೆ ಮುಗಿಯುವವರೆಗೆ ನಮ್ಮ ಅಜ್ಜಿ ಯಾರಿಗೂ ಚಹಾ ಕೊಡುತ್ತಿರಲಿಲ್ಲ. ಅದು ಅವಳ ಪೂಜೆಯೇ ಆಗಿತ್ತು. ಅಂದರೆ ಯಂತ್ರದ ಮುಂದೆ ಕೈ ಮುಗಿಯುವುದು ನಮಗೆ ಹೊಸದಲ್ಲ.

ಒಂದು ವ್ಯತ್ಯಾಸ ಮಾತ್ರ ನನ್ನನ್ನು ಕಾಡುತ್ತದೆ. ಟಿವಿ ನೋಡಲು ಪಕ್ಕದ ಮನೆಗೆ ಹೋಗಬೇಕಿತ್ತು. ಅವರ ಚಾಪೆ, ಅವರ ಮಜ್ಜಿಗೆ, ಅವರ ಮಗುವಿನ ಕಿರಿಕಿರಿ, ಎಲ್ಲ ಸೇರಿ ರಾಮಾಯಣ. ಈಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಮನೆಯಲ್ಲಿ ನಾಲ್ಕು ಜನಕ್ಕೆ ನಾಲ್ಕು ದೇವರು.

ಕೆಯುಡಿ_ಹಾಸ್ಟೆಲ್ · 10:31

ಸಮಾಜಶಾಸ್ತ್ರ ಓದುತ್ತಿದ್ದೇನೆ, ಸ್ವಲ್ಪ ಕೊರೆಯುತ್ತೇನೆ, ಸಹಿಸಿ. ಕ್ರಿಸ್ಟೋಫರ್ ಹೆಲಂಡ್ ಎಂಬ ಸಂಶೋಧಕರು 2000ದಲ್ಲಿ ಇದನ್ನು ಎರಡು ಭಾಗ ಮಾಡಿದರು. ಒಂದು, ಧರ್ಮದ ಬಗ್ಗೆ ನೆಟ್‌ನಲ್ಲಿ ಮಾಹಿತಿ ಸಿಗುವುದು: ಪೂಜೆಯ ಸಮಯ, ಗ್ರಂಥ, ವಿಳಾಸ. ಇನ್ನೊಂದು, ನೆಟ್‌ನಲ್ಲೇ ಧರ್ಮ ನಡೆಯುವುದು: ಅಲ್ಲೇ ಪ್ರಾರ್ಥನೆ, ಅಲ್ಲೇ ಸೇವೆ. ಆಮೇಲೆ ಅವರೇ ಈ ಗೆರೆಯನ್ನು ಸಡಿಲ ಮಾಡಿದರು, ಎರಡೂ ಕಲಸಿಹೋಗುತ್ತಿವೆ ಎಂದು. ನಿಮ್ಮ ಅವ್ವ ಅವಲಕ್ಕಿ ಡಬ್ಬಿಗೆ ಫೋನ್ ಆನಿಸಿದಾಗ ಅದು ಯಾವ ಭಾಗ? ವಿಡಿಯೋ ಹಾಕಿದವನಿಗೆ ಅದು ಮಾಹಿತಿ. ಅವ್ವನಿಗೆ ಪೂಜೆ.

ಮುರುಘಾಮಠ_ಓಣಿ · 10:58

ನಮ್ಮದು ಲಿಂಗವಂತ ಮನೆ. ಅಷ್ಟಾವರಣದ ಲೆಕ್ಕದಲ್ಲಿ ನೋಡಿ. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ. ಎಂಟರಲ್ಲಿ ಮೊಬೈಲಿನ ಒಳಗಿಂದ ನಿಜವಾಗಿ ದಾಟಿ ಬರುವುದು ಮಂತ್ರ ಒಂದೇ. ಗುರುವಿನ ಮಾತು ಬರುತ್ತದೆ, ಗುರು ಬರುವುದಿಲ್ಲ. ವಿಭೂತಿ, ರುದ್ರಾಕ್ಷಿ ಕೊರಿಯರ್‌ನಲ್ಲಿ ಬರುತ್ತವೆ. ಅದನ್ನು ಆನ್‌ಲೈನ್ ಎನ್ನುವುದಾದರೆ ನನ್ನ ಪ್ರೆಶರ್ ಕುಕ್ಕರೂ ಆನ್‌ಲೈನ್ ಧರ್ಮವೇ.

ದೀಕ್ಷೆಯಲ್ಲಿ ಇದು ಇನ್ನೂ ಸ್ಪಷ್ಟ. ಮೂರು ದೀಕ್ಷೆ. ತಲೆಯ ಮೇಲೆ ಗುರು ಕೈ ಇಟ್ಟು ಕೊಡುವುದು ವೇಧಾ ದೀಕ್ಷೆ. ಕಿವಿಯಲ್ಲಿ ಹೇಳುವುದು ಮಂತ್ರ ದೀಕ್ಷೆ. ಅಂಗೈಗೆ ಇಷ್ಟಲಿಂಗ ಕೊಡುವುದು ಕ್ರಿಯಾ ದೀಕ್ಷೆ. ತಲೆ, ಕಿವಿ, ಕೈ. ಫೋನಿಗೆ ಕಿವಿ ಸಿಗುತ್ತದೆ. ತಲೆಯೂ ಕೈಯೂ ಸಿಗುವುದಿಲ್ಲ.

ಆದರೂ ಒಂದು ಮಾತು. ಲಿಂಗ ಕೈಯಲ್ಲಿದ್ದವರಿಗೆ ಗುಡಿಯೇ ಬೇಕಿಲ್ಲ, ಇನ್ನು ಗುಡಿಯ ಲೈವ್ ಯಾಕೆ? 2020ರ ಲಾಕ್‌ಡೌನ್‌ನಲ್ಲಿ ಎಲ್ಲರೂ ಬಾಗಿಲು ಮುಚ್ಚಿದ ಗುಡಿಗಳ ಚಿಂತೆ ಮಾಡುತ್ತಿದ್ದಾಗ ನಮ್ಮ ಅಜ್ಜಿ ಎಂದಿನಂತೆ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಿದ್ದಳು. ಅವಳಿಗೆ ಏನೂ ಬದಲಾಗಿರಲಿಲ್ಲ.

ತಡಸ_ಕ್ರಾಸ್ · 11:10

ಮುಂಡಗೋಡ ನಮಗೆ ಹತ್ತಿರ. ಅಲ್ಲಿಯ ಟಿಬೆಟನ್ ಕ್ಯಾಂಪ್‌ನ ಗೆಳೆಯರಿದ್ದಾರೆ. ದಲೈ ಲಾಮಾ 2020ರ ಮೇನಲ್ಲಿ ಲೈವ್‌ನಲ್ಲೇ ದೀಕ್ಷೆ ಕೊಟ್ಟರು. ನಮ್ಮ ಗೆಳೆಯರು ಬೆಳಿಗ್ಗೆ ಎದ್ದು ಟಿವಿಗೆ ಫೋನ್ ಜೋಡಿಸಿ, ಹೊಸ ಬಟ್ಟೆ ಹಾಕಿ, ಶಾಲು ಹಿಡಿದು ಕೂತಿದ್ದರು. ಆದ್ದರಿಂದ ಕೈ ಮುಟ್ಟದೆ ದೀಕ್ಷೆಯೇ ಇಲ್ಲ ಎನ್ನುವುದು ಎಲ್ಲ ಧರ್ಮಕ್ಕೂ ಹೊಂದುವ ಮಾತಲ್ಲ.

ಮುರುಘಾಮಠ_ಓಣಿ · 11:14

ಒಪ್ಪಿದೆ. ನನ್ನ ಮನೆಯ ಮಾತಷ್ಟೇ ಹೇಳಿದೆ.

ಮಾಳಮಡ್ಡಿ_ಭಟ್ಟ · ಮಂಗಳವಾರ, ಬೆಳಿಗ್ಗೆ 6:20

ಪೌರೋಹಿತ್ಯ ಮಾಡುವವನು ನಾನು. ಒಳಗಿನ ಸುದ್ದಿ ಹೇಳುತ್ತೇನೆ.

ಧಾರವಾಡದ ಹುಡುಗರು ಕ್ಯಾಲಿಫೋರ್ನಿಯಾದಲ್ಲಿ ಇದ್ದಾರೆ. ಅಪ್ಪನ ಶ್ರಾದ್ಧ ಬಂತು. ಅಲ್ಲಿ ಮಧ್ಯಾಹ್ನ 1 ಗಂಟೆ ಎಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ ಒಂದೂವರೆ. ಚಳಿಗಾಲದಲ್ಲಿ ಎರಡೂವರೆ. ಶ್ರಾದ್ಧ ಅಪರಾಹ್ನದಲ್ಲೇ ಆಗಬೇಕು, ಅದೂ ಮಾಡುವವನು ಇರುವ ಊರಿನ ಅಪರಾಹ್ನ. ಹಾಗಾಗಿ ನಾನು ನಡುರಾತ್ರಿ ಮಡಿ ಉಟ್ಟು, ದಾಲ್ಚೀನಿ ಹಾಕಿದ ಕಷಾಯ ಕುಡಿದು, ಫೋನಿನ ಮುಂದೆ ಕೂರುತ್ತೇನೆ. ತಿಥಿಯೂ ಅಲ್ಲಿಯ ಲೆಕ್ಕದಲ್ಲೇ. ತಿಥಿ ಶುರುವಾಗುವ ಕ್ಷಣ ಇಡೀ ಭೂಮಿಗೆ ಒಂದೇ, ಆದರೆ ಸೂರ್ಯ ಹುಟ್ಟುವ ಹೊತ್ತು ಊರೂರಿಗೆ ಬೇರೆ. ಅದಕ್ಕೇ ನಮ್ಮಲ್ಲಿ ಒಂದು ದಿನ ಏಕಾದಶಿ ಆದರೆ ಅಮೆರಿಕದಲ್ಲಿ ಕೆಲವೊಮ್ಮೆ ಹಿಂದಿನ ದಿನವೇ ಆಗುತ್ತದೆ. ಇದನ್ನು ಅರ್ಥ ಮಾಡಿಸುವುದಕ್ಕೇ ಅರ್ಧ ತಾಸು ಹೋಗುತ್ತದೆ.

ಮಂತ್ರ ಹೇಳಿಸುವುದು ಕಷ್ಟ ಅಲ್ಲ. ಕಷ್ಟ ಇರುವುದು "ಎಡಕ್ಕೆ ಮಾಡಿಕೊಳ್ಳಿ" ಎಂದಾಗ. ಜನಿವಾರ ಎಡಕ್ಕೋ ಬಲಕ್ಕೋ ಸ್ಕ್ರೀನಿನಲ್ಲಿ ಉಲ್ಟಾ ಕಾಣುತ್ತದೆ. ಒಬ್ಬ ಯಜಮಾನ ನನ್ನನ್ನು ನೋಡಿ ನೋಡಿ ಇಡೀ ಶ್ರಾದ್ಧವನ್ನು ಕನ್ನಡಿಯಲ್ಲಿ ಮಾಡಿದ ಹಾಗೆ ಮಾಡಿಬಿಟ್ಟ. ಮತ್ತೆ ಮೊದಲಿನಿಂದ ಮಾಡಿಸಿದೆ.

ಇಷ್ಟಾದರೂ ನಾನು ಬೇಡ ಎನ್ನುವುದಿಲ್ಲ. ಇಲ್ಲದಿದ್ದರೆ ಆ ಹುಡುಗ ಮಾಡುತ್ತಲೇ ಇರಲಿಲ್ಲ. ಪಿಂಡ ಹಿಡಿದು ಹಿತ್ತಲಿಗೆ ಹೋಗಿ ಕಾಗೆಗೆ ಕಾಯುತ್ತಾ ಅತ್ತ. ಅದನ್ನು ನಾನು ಇಲ್ಲಿಂದ ನೋಡಿದೆ.

ನವನಗರ_ಒಗ್ಗರಣೆ · 7:05

ಭಟ್ಟರೇ, ಪಂಚಾಂಗದ ಮಾತು ಬಂತಲ್ಲ, ಒಂದು ಅನುಮಾನ. ಸಂಕಷ್ಟಿಯ ದಿನ ನನ್ನ ಆ್ಯಪ್ ಹೇಳಿದ ಚಂದ್ರೋದಯಕ್ಕೆ ಮಾಳಿಗೆ ಮೇಲೆ ಹೋದರೆ ಚಂದ್ರ ಇರುವುದೇ ಇಲ್ಲ. ಹಸಿದುಕೊಂಡು ನಿಲ್ಲಬೇಕು.

ಮಾಳಮಡ್ಡಿ_ಭಟ್ಟ · 7:30

ಆ್ಯಪ್‌ನಲ್ಲಿ ಊರು ಬೆಂಗಳೂರು ಎಂದು ಇರುತ್ತದೆ. ಹುಬ್ಬಳ್ಳಿ ಬೆಂಗಳೂರಿಗಿಂತ ಸುಮಾರು ಎರಡೂವರೆ ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ ಹೆಚ್ಚುಕಡಿಮೆ 10 ನಿಮಿಷ ತಡ. ಊರು ಬದಲಿಸಿ, ಊಟ ಬೇಗ ಆಗುವುದಿಲ್ಲ, ಆದರೆ ಸುಮ್ನೆ ನಿಲ್ಲುವುದು ತಪ್ಪುತ್ತದೆ.

ಹಳೇಹುಬ್ಬಳ್ಳಿ_ಸೈಕಲ್ · 8:12

ನಮ್ಮ ಮನೆಯ ಕಥೆ ಕೇಳಿ. ಬಾಡಿಗೆ ಮನೆ ಬದಲಿಸಿದೆವು. ನಮಾಜಿಗೆ ಕಿಬ್ಲಾ, ಅಂದರೆ ಮಕ್ಕಾದ ದಿಕ್ಕು, ಯಾವ ಕಡೆ ಎಂದು ಮಗ ಫೋನಿನ ಕಂಪಾಸ್ ತೆಗೆದ. ಅದು ಅಡುಗೆಮನೆ ಕಡೆ, ಅಂದರೆ ದಕ್ಷಿಣಕ್ಕೆ ತೋರಿಸಿತು. ನಮ್ಮ ತಂದೆ ನಕ್ಕು, "ಸೂರ್ಯ ಮುಳುಗೋದು ಎಲ್ಲಿ ನೋಡು, ಅಲ್ಲಿಂದ ಸ್ವಲ್ಪ ಬಲಕ್ಕೆ ತಿರುಗು" ಎಂದರು. ಆಮೇಲೆ ಗೊತ್ತಾಯಿತು, ಫೋನ್ ಇಟ್ಟದ್ದು ಕಬ್ಬಿಣದ ತಿಜೋರಿ ಮೇಲೆ. ಹೊರಗೆ ಅಂಗಳಕ್ಕೆ ತಂದರೆ ಸರಿಯಾಗಿ ತೋರಿಸಿತು. ನಮ್ಮ ಹುಬ್ಬಳ್ಳಿಯಿಂದ ಮಕ್ಕಾ ನೇರ ಪಶ್ಚಿಮಕ್ಕಿಂತ ಸುಮಾರು 15 ಡಿಗ್ರಿ ಉತ್ತರಕ್ಕೆ ಬರುತ್ತದೆ. ತಂದೆಯ "ಸ್ವಲ್ಪ ಬಲಕ್ಕೆ" ಎಂದರೆ ಅದೇ.

ಜುಮ್ಮಾ, ಅಂದರೆ ಶುಕ್ರವಾರದ ಸಾಮೂಹಿಕ ನಮಾಜಿನ ವಿಚಾರ ಬೇರೆ. 2020ರ ರಂಜಾನ್ ಪೂರ್ತಿ ಲಾಕ್‌ಡೌನ್‌ನಲ್ಲೇ ಹೋಯಿತು. ಇಮಾಮರು ಮೊಬೈಲಿನಲ್ಲಿ ನಮಾಜ್ ಮಾಡಿಸಲಿ, ನಾವು ಮನೆಯಲ್ಲಿ ಹಿಂದೆ ನಿಲ್ಲುತ್ತೇವೆ ಎಂದು ಹುಡುಗರು ಕೇಳಿದರು. ಇಮಾಮರು ಒಪ್ಪಲಿಲ್ಲ. ಸಾಲು ಅಂದರೆ ಭುಜಕ್ಕೆ ಭುಜ. ನಡುವೆ ರಸ್ತೆ, ಊರು, ಸರ್ವರ್ ಇದ್ದರೆ ಅದು ಸಾಲಲ್ಲ. ಜುಮ್ಮಾದ ಎರಡು ರಕಾತ್ ಬದಲು ಮನೆಯಲ್ಲಿ ಜುಹರ್‌ನ (ದಿನದ ಮಧ್ಯಾಹ್ನದ ನಮಾಜ್) ನಾಲ್ಕು ರಕಾತ್ ಮಾಡಿ ಎಂದರು. ಹಾಗೇ ಮಾಡಿದೆವು.

ಆದರೆ ಮಗಳು ಕುರಾನ್ ಓದು ಕಲಿತದ್ದು ವಿಡಿಯೋ ಕಾಲ್‌ನಲ್ಲೇ. ಹೆಣ್ಣುಮಕ್ಕಳಿಗೆ ಕಲಿಸುವ ಟೀಚರ್ ನಮ್ಮ ಓಣಿಯಲ್ಲಿ ಇರಲಿಲ್ಲ. ಅಕ್ಷರ ಗಂಟಲಿನಿಂದ ಬರಬೇಕೋ ನಾಲಿಗೆಯ ತುದಿಯಿಂದಲೋ ಎಂದು ಟೀಚರ್ ಕ್ಯಾಮೆರಾ ಹತ್ತಿರ ಬಾಯಿ ತಂದು ತೋರಿಸುತ್ತಿದ್ದರು. ಈಗ ಅವಳು ನನ್ನ ತಪ್ಪು ತಿದ್ದುತ್ತಾಳೆ, ಜಾಸ್ತಿಯೇ ತಿದ್ದುತ್ತಾಳೆ.

ಕೇಶ್ವಾಪುರ_ಗಂಟೆ · 8:47

ನಮ್ಮಲ್ಲೂ ಇದೇ ಜಗಳ. 2020ರ ಏಪ್ರಿಲ್ 12ರಂದು ಈಸ್ಟರ್. ಚರ್ಚ್ ಮುಚ್ಚಿತ್ತು. ನಮ್ಮದು ಪ್ರೊಟೆಸ್ಟೆಂಟ್ ಸಭೆ, ಪಾಸ್ಟರ್ ಫೋನಿನಲ್ಲೇ ಪ್ರಭು ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತಗೊಳ್ಳುವುದು) ನಡೆಸಿದರು. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ರೊಟ್ಟಿ. ನಮ್ಮ ಮನೆಯಲ್ಲಿ ಬ್ರೆಡ್ ಇರಲಿಲ್ಲ, ಚಪಾತಿ ಮುರಿದೆವು. ಕೋಕಂ ಶರಬತ್ತು ಕುಡಿದೆವು, ದ್ರಾಕ್ಷಿ ಎಲ್ಲಿಂದ ತರುವುದು ಆಗ?

ಪಕ್ಕದ ಮನೆಯವರು ಕ್ಯಾಥೊಲಿಕ್. ಅವರು ಟಿವಿಯಲ್ಲಿ ಪೂಜೆ ನೋಡಿದರು, ಆದರೆ ಪರಮಪ್ರಸಾದ ಇಲ್ಲ. ವ್ಯಾಟಿಕನ್ 2002ರಲ್ಲೇ ಇಂಟರ್ನೆಟ್ ಬಗ್ಗೆ ಒಂದು ಪತ್ರ ಹೊರಡಿಸಿ ಇಂಟರ್ನೆಟ್‌ನಲ್ಲಿ ಸಂಸ್ಕಾರಗಳು ಇಲ್ಲ ಎಂದು ನೇರವಾಗಿ ಹೇಳಿಬಿಟ್ಟಿದೆ. ಒಂದೇ ಗೋಡೆಯ ಆಚೆ ಈಚೆ ಎರಡು ಉತ್ತರ. ನಾವು ಚಪಾತಿ ತಿಂದೆವು, ಅವರು ಹಸಿವು ಇಟ್ಟುಕೊಂಡರು. ಯಾರದು ದೊಡ್ಡ ಭಕ್ತಿ ಎಂದು ಇವತ್ತಿಗೂ ನಾನು ಹೇಳಲಾರೆ.

ಮುಳಗುಂದ_ನಾಕಾ · 1:30 ಮಧ್ಯಾಹ್ನ

ಗದಗಿನಿಂದ. ನನಗೆ ಹುಟ್ಟಿನಿಂದ ಕಣ್ಣಿಲ್ಲ. ವೀರೇಶ್ವರ ಪುಣ್ಯಾಶ್ರಮದಲ್ಲಿ ಹಾರ್ಮೋನಿಯಂ ಕಲಿತವನು. ಪುಟ್ಟರಾಜ ಗವಾಯಿಗಳು ತೀರಿಕೊಂಡ 2010ರಲ್ಲಿ ನಾನು ಸಣ್ಣವನು. ಈ ಫೋನಿನ ಟಾಕ್‌ಬ್ಯಾಕ್ ನಿಮ್ಮ ಮಾತನ್ನೆಲ್ಲ ನನಗೆ ಓದಿ ಹೇಳುತ್ತಿದೆ. ಮುಳಗುಂದ ಎನ್ನುವುದನ್ನು ಮಾತ್ರ ಪ್ರತಿ ಸಲ ತಪ್ಪು ಹೇಳುತ್ತದೆ.

ನೀವೆಲ್ಲ ದರ್ಶನ, ದರ್ಶನ ಎನ್ನುತ್ತೀರಿ. ನನಗೆ ಗುಡಿಯಲ್ಲೂ ದರ್ಶನ ಇಲ್ಲ, ಫೋನಿನಲ್ಲೂ ಇಲ್ಲ. ಹಾಗಾಗಿ ಎರಡರ ವ್ಯತ್ಯಾಸ ನನಗೆ ನಿಮಗಿಂತ ಚೆನ್ನಾಗಿ ಗೊತ್ತು. ನಮ್ಮ ವೀರನಾರಾಯಣ ಗುಡಿಗೆ ಹೋದರೆ ಮೊದಲು ಕಾಲಿಗೆ ಕಲ್ಲು ತಣ್ಣಗೆ ಸಿಗುತ್ತದೆ. ಒಳಗೆ ಹೋದಂತೆ ನನ್ನ ಧ್ವನಿ ನನಗೇ ದಪ್ಪವಾಗಿ ಕೇಳುತ್ತದೆ. ಎಣ್ಣೆ, ಕರ್ಪೂರ, ಒದ್ದೆ ತುಳಸಿ. ಪಕ್ಕದವರ ಮೈಯ ಬಿಸಿ. ಇದರಲ್ಲಿ ಒಂದೂ ಫೋನಿನಲ್ಲಿ ಬರುವುದಿಲ್ಲ. ಫೋನಿನಲ್ಲಿ ಎಲ್ಲ ಗುಡಿಗೂ ಒಂದೇ ದನಿ.

ಭಜನೆಯ ವಿಷಯ. ಲಾಕ್‌ಡೌನ್‌ನಲ್ಲಿ ನಾವು ಏಳು ಜನ ವಿಡಿಯೋ ಕಾಲ್‌ನಲ್ಲಿ ಭಜನೆ ಮಾಡಲು ಹೋದೆವು. ಎರಡು ಸಾಲು ಹಾಡುವಷ್ಟರಲ್ಲಿ ಎಲ್ಲ ಚೆಲ್ಲಾಪಿಲ್ಲಿ. ನನ್ನ ತಾಳ ಅವನಿಗೆ ತಡವಾಗಿ ಮುಟ್ಟುತ್ತದೆ. ಅವನು ಅದಕ್ಕೆ ಹೊಂದಿಸಿ ಬಾರಿಸಿದರೆ ಅದು ನನಗೆ ಇನ್ನೂ ತಡವಾಗಿ ಬರುತ್ತದೆ. ಹೀಗೆ ಲಯ ನಿಧಾನ ಆಗುತ್ತಾ ಆಗುತ್ತಾ ನಿಂತೇ ಹೋಯಿತು. ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ತಬಲಾದವನಿಗೆ ಅದು ಒಂದು ಗಾವುದ. ಕೊನೆಗೆ ಆರು ಜನ ಮೈಕ್ ಮುಚ್ಚಿಕೊಂಡು ಒಬ್ಬ ಹಾಡಿದ. ನಾವೆಲ್ಲ ನಮ್ಮ ನಮ್ಮ ಮನೆಯಲ್ಲಿ ಯಾರಿಗೂ ಕೇಳದಂತೆ ಸೊಲ್ಲು ಹೇಳಿದೆವು. ಅದಕ್ಕೆ ಭಜನೆ ಎನ್ನಲು ನನಗೆ ಬಾಯಿ ಬರಲಿಲ್ಲ.

ಆದರೆ ಓದು? ಅದನ್ನು ಮಾತ್ರ ಕೈ ಮುಗಿದು ಒಪ್ಪುತ್ತೇನೆ. ಬ್ರೈಲ್‌ನಲ್ಲಿ ನನಗೆ ಸಿಕ್ಕ ಪುಸ್ತಕ ಎಷ್ಟು? ಈಗ ನಡುರಾತ್ರಿ ಯಾರನ್ನೂ ಎಬ್ಬಿಸದೆ, ಯಾರ ಉಪಕಾರವೂ ಇಲ್ಲದೆ, ಅಲ್ಲಮನ ವಚನ ಕೇಳುತ್ತೇನೆ.

ನವನಗರ_ಒಗ್ಗರಣೆ · 2:10

ಸರ್, ನಿಮ್ಮ ಕೊನೆಯ ಸಾಲು ನನ್ನದೂ ಹೌದು. ಮದುವೆಯಾಗಿ 19 ವರ್ಷ. ಮಠಕ್ಕೆ ಹೋಗಿದ್ದೇನೆ, ಪ್ರವಚನ ಕೇಳಿದ್ದೇನೆ. ಅಲ್ಲಿ ಹೇಳುವ ವಚನಗಳು ಒಂದು ಮೂವತ್ತು ಇರಬಹುದು, ಅವೇ ಮತ್ತೆ ಮತ್ತೆ. ವಚನ ಸಂಚಯ ಎಂಬ ತಾಣ ಸಿಕ್ಕ ಮೇಲೆ ಬೇರೆ ಲೋಕ ತೆರೆಯಿತು. 20,000ಕ್ಕೂ ಹೆಚ್ಚು ವಚನ. ಒಂದು ಪದ ಹೊಡೆದರೆ ಸಾಕು. ನಾನು ಮೊದಲು ಹುಡುಕಿದ ಪದ "ಒಲೆ". ನಗಬೇಡಿ, ಕುಕ್ಕರ್ ಸೀಟಿಗೆ ಕಾಯುತ್ತಿದ್ದೆ.

ಹೀಗೆ ಹುಡುಕುವಾಗಲೇ ಸೂಳೆ ಸಂಕವ್ವೆಯ ವಚನ ಸಿಕ್ಕಿತು. ಅಂಕಿತ ನಿರ್ಲಜ್ಜೇಶ್ವರ. ಅವಳದು ಉಳಿದಿರುವುದೇ ಒಂದು ವಚನ. ಒಬ್ಬ ವೇಶ್ಯೆ ತನ್ನ ಕಸುಬಿನ ಮಾತಿನಲ್ಲೇ ತನ್ನ ವ್ರತದ ಬಗ್ಗೆ ಮಾತಾಡುತ್ತಾಳೆ. ಅದನ್ನು ನಾನು ಯಾವ ವೇದಿಕೆಯಲ್ಲೂ ಕೇಳಿರಲಿಲ್ಲ. ಯಾರನ್ನಾದರೂ ಕೇಳುವ ಧೈರ್ಯವೂ ಇರುತ್ತಿರಲಿಲ್ಲ, "ಇಂಥವಳೊಬ್ಬಳು ಇದ್ದಳಂತೆ, ಹೌದಾ" ಎಂದು.

ಲೈನ್‌ಬಜಾರ್_ಮೇಷ್ಟ್ರು · 2:45

ತಾಯಿ, ಇದಕ್ಕೆ ಹಿಂದೆ ಒಂದು ಕಥೆ ಇದೆ. ಫ.ಗು. ಹಳಕಟ್ಟಿಯವರು ನಮ್ಮ ಧಾರವಾಡದಲ್ಲೇ ಹುಟ್ಟಿದವರು, 1880ರಲ್ಲಿ. ವಚನದ ತಾಳೆಗರಿ ಕಟ್ಟುಗಳು ಮನೆಮನೆಯ ಜಗುಲಿಯಲ್ಲಿ ಇರುತ್ತಿದ್ದವು. ಅರಿಶಿನ ಕುಂಕುಮ ಹಚ್ಚಿ ಪೂಜಿಸುವವರು ಇದ್ದರು, ಬಿಚ್ಚಿ ಓದುವವರು ಕಡಿಮೆ. ಅವರು ಊರೂರು ಅಲೆದು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಮಾಡಿಸಿದರು. ಆಮೇಲೆ ಇದ್ದ ಮನೆ ಮಾರಿ ವಿಜಯಪುರದಲ್ಲಿ ಪ್ರೆಸ್ಸು ಹಾಕಿದರು. ಪೂಜೆಯ ಕಟ್ಟು ಓದುವ ಪುಸ್ತಕ ಆದದ್ದು ಆಗ. ನಿಮ್ಮ ಕುಕ್ಕರಿನ ಪಕ್ಕದ ಫೋನು ಆ ದಾರಿಯಲ್ಲೇ ಮುಂದಿನ ಊರು.

ಒಂದು ಎಚ್ಚರ ಬೇಕು. ವಾಟ್ಸಾಪ್‌ನಲ್ಲಿ ಬರುವ "ವಚನ"ಗಳಲ್ಲಿ ಎಷ್ಟೋ ಯಾರೋ ನಿನ್ನೆ ಬರೆದದ್ದು. ಕೊನೆಗೆ ಕೂಡಲಸಂಗಮದೇವ ಎಂದು ಅಂಟಿಸಿದರೆ ಬಸವಣ್ಣ ಆಗಿಬಿಡುತ್ತಾನೆ. "ಟೆನ್ಷನ್" ಎಂಬ ಪದ ಇರುವ ಬಸವಣ್ಣನ ವಚನ ನನಗೆ ಬಂದಿದೆ.

ಕೊಪ್ಪಿಕರ್_ರೋಡ್ · 2:50

ಟೆನ್ಷನ್ ಬೇಡ ಮೇಷ್ಟ್ರೇ ಕೂಡಲಸಂಗಮದೇವಾ 😄

ರಾಣೆಬೆನ್ನೂರ್_ಬೀಜ · 7:20 ಸಂಜೆ

ದೇವರಗುಡ್ಡದ ಕಾರಣಿಕಕ್ಕೆ, ಅಂದರೆ ವರ್ಷದ ಭವಿಷ್ಯವಾಣಿ ಕೇಳಲು, ನಮ್ಮ ಮನೆಯಿಂದ ಪ್ರತಿ ದಸರಾಕ್ಕೂ ಹೋಗುತ್ತೇವೆ. ದಿನಗಟ್ಟಲೆ ಉಪವಾಸ ಇದ್ದ ಗೊರವಯ್ಯ ಬಿಲ್ಲು ಏರುತ್ತಾನೆ. "ಸದ್ದಲೇ" ಎನ್ನುತ್ತಾನೆ. ಅಷ್ಟು ಸಾವಿರ ಜನ ಒಮ್ಮೆಲೇ ಸುಮ್ಮನಾಗುತ್ತಾರಲ್ಲ, ಅದು ಒಂದು ಅನುಭವ. ಮಗು ಅಳುವುದೂ ನಿಂತುಬಿಡುತ್ತದೆ. ಒಂದೇ ಸಾಲು ನುಡಿದು ಕೆಳಗೆ ಬೀಳುತ್ತಾನೆ.

ಮೊದಲು ಆ ಸಾಲನ್ನು ನಾವು ಚಕ್ಕಡಿಯಲ್ಲಿ ಊರಿಗೆ ಹೊತ್ತು ತರುತ್ತಿದ್ದೆವು. ದಾರಿ ತುಂಬ ಅದೇ ಮಾತು. ಮಳೆಯ ಬಗ್ಗೆಯೋ, ಜೋಳದ ಬಗ್ಗೆಯೋ, ದೊರೆಯ ಬಗ್ಗೆಯೋ. ಊರು ಮುಟ್ಟುವಷ್ಟರಲ್ಲಿ ನಾಲ್ಕು ಅರ್ಥ ಆಗಿರುತ್ತಿತ್ತು, ನಾಲ್ಕನ್ನೂ ಇಟ್ಟುಕೊಳ್ಳುತ್ತಿದ್ದೆವು. ಈಗ ಗೊರವಯ್ಯ ಎದ್ದು ನೀರು ಕುಡಿಯುವ ಮೊದಲೇ ವಿಡಿಯೋ ಬಂದಿರುತ್ತದೆ. ಮೇಲೆ ಕೆಂಪು ಅಕ್ಷರದಲ್ಲಿ "ಸರ್ಕಾರ ಬೀಳುತ್ತಾ?" ಎಂದು ಒಂದೇ ಅರ್ಥ. ಮೈಲಾರದಲ್ಲೂ ಇದೇ ಆಗಿದೆ. ವಿಡಿಯೋದಲ್ಲಿ ಆ ನಿಶ್ಶಬ್ದವನ್ನು ಕತ್ತರಿಸಿ ಬಿಸಾಡಿರುತ್ತಾರೆ. ನನಗೆ ಇದ್ದದ್ದೇ ಅದು.

ಕೆಯುಡಿ_ಹಾಸ್ಟೆಲ್ · 7:41

ಹೌದು ಹೌದು. ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರ ರೀಲ್ಸ್ ನೋಡಿ. ಅವರು ಎಷ್ಟು ನಿಧಾನವಾಗಿ ಮಾತಾಡುತ್ತಿದ್ದರು! ಒಂದು ವಾಕ್ಯ, ಆಮೇಲೆ ಸುಮ್ಮನೆ. ಈಗ ಆ ಬಿಡುವನ್ನೆಲ್ಲ ಕತ್ತರಿಸಿ, ಹಿಂದೆ ಪಿಯಾನೋ ಹಾಕಿ, 30 ಸೆಕೆಂಡಿಗೆ ಇಳಿಸುತ್ತಾರೆ. ತಮಗೆ ಸ್ಮಾರಕ ಬೇಡ ಎಂದು ಬರೆದಿಟ್ಟು 2023ರ ಜನವರಿ 2ರಂದು ಹೋದವರು ಅವರು. ಗದ್ದುಗೆ ಕಟ್ಟಲಿಲ್ಲ. ಆದರೆ ಯೂಟ್ಯೂಬ್‌ನಲ್ಲಿ ಕಟ್ಟಿದ್ದೇವೆ ಅಲ್ವಾ? ಪೂರ್ತಿ ಪ್ರವಚನಗಳೂ ಅಲ್ಲೇ ಇವೆ ಎನ್ನುವುದು ಸಮಾಧಾನ. ನಮ್ಮ ಹಾಸ್ಟೆಲ್‌ನ ಅಡುಗೆಯವರು ಬೆಳಿಗ್ಗೆ ಹಿಟ್ಟು ನಾದುವಾಗ ಹಚ್ಚುತ್ತಾರೆ, ಅರ್ಧಕ್ಕೆ ನಿಲ್ಲಿಸಿದ್ದನ್ನು ನೋಡಿಲ್ಲ.

ಕೊಪ್ಪಿಕರ್_ರೋಡ್ · 8:05

ಸೀರಿಯಸ್ ಆಗಿ ಒಂದು ಮಾತು. ಆನ್‌ಲೈನ್ ಸೇವೆಗೆ ದುಡ್ಡು ಕಳಿಸುವವರು ಹುಷಾರು. ಗಾಣಗಾಪುರದ ದತ್ತಾತ್ರೇಯ ದೇವಸ್ಥಾನದ ಹೆಸರಲ್ಲಿ ನಕಲಿ ವೆಬ್‌ಸೈಟ್ ಮಾಡಿ ಭಕ್ತರ ಹಣ ಹೊಡೆದ ಪ್ರಕರಣ 2022ರಲ್ಲಿ ಹೊರಬಂತು. ನಮ್ಮ ಮಾವನೂ ಬೇರೆ ಒಂದು ಕಡೆ 1,100 ಕಳಕೊಂಡರು. ಪ್ರಸಾದ ಬಂತು, ಸಕ್ಕರೆ ಮಿಠಾಯಿ. ಯಾವ ದೇವರದ್ದು ಎಂದು ಕವರಿನ ಮೇಲೆ ಬರೆದಿರಲಿಲ್ಲ.

ಹಾವೇರಿ_ಏಲಕ್ಕಿ · ರಾತ್ರಿ 11:25

ಬರೆಯಲೋ ಬೇಡವೋ ಎಂದು ನಿನ್ನೆಯಿಂದ ಯೋಚಿಸಿದೆ.

ಹಾವೇರಿ ಜಿಲ್ಲೆಯ ಒಂದು ಹಳ್ಳಿ ನಮ್ಮದು. ಊರ ಹೆಸರು ಬೇಡ. ಊರ ನಡುವೆ ಗುಡಿ ಇದೆ. ಜಾತ್ರೆಗೆ ನಾವು ಹಲಗೆ ಬಾರಿಸುತ್ತೇವೆ. ತೇರಿನ ಮುಂದೆ ನಮ್ಮ ಹಲಗೆ ಇಲ್ಲದೆ ತೇರು ಹೊರಡುವುದಿಲ್ಲ. ಆದರೆ ಗುಡಿಯ ಕಟ್ಟೆಯ ಮೇಲೆ ನಾವು ಹತ್ತುವುದಿಲ್ಲ. ಯಾರೂ ಬೋರ್ಡ್ ಹಾಕಿಲ್ಲ. ಕಾನೂನು ನಮ್ಮ ಕಡೆ ಇದೆ, ಗೊತ್ತು. ನಮ್ಮಪ್ಪ ಹತ್ತಲಿಲ್ಲ, ಅವರಪ್ಪ ಹತ್ತಲಿಲ್ಲ. ಕಾಯಿ ಕೆಳಗಿನಿಂದ ಕೊಡುತ್ತೇವೆ, ಒಡೆದು ಮೇಲಿನಿಂದ ಕೊಡುತ್ತಾರೆ.

ಎರಡು ವರ್ಷದ ಹಿಂದೆ ಊರಿನ ಹುಡುಗರು ಜಾತ್ರೆಯ ದಿನ ಲೈವ್ ಬಿಟ್ಟರು. ಗರ್ಭಗುಡಿಯ ಬಾಗಿಲಿಗೆ ಹೋಗಿ ಫೋನ್ ಹಿಡಿದಿದ್ದರು. ನಾನು ಹುಬ್ಬಳ್ಳಿಯಲ್ಲಿ ಡ್ಯೂಟಿಯಲ್ಲಿದ್ದೆ, ಊಟದ ಬಿಡುವಿನಲ್ಲಿ ನೋಡಿದೆ. 31 ವರ್ಷ ಆಗಿತ್ತು ನನಗೆ. ನಮ್ಮೂರ ದೇವರ ಮುಖ ನಾನು ಮೊದಲ ಸಲ ನೋಡಿದ್ದು ಆಗ, ಫ್ಯಾಕ್ಟರಿಯ ಕ್ಯಾಂಟೀನ್‌ನಲ್ಲಿ.

ಮೇಲೆ ಬಹಳ ಜನ ಮುಟ್ಟುವುದು, ಭುಜಕ್ಕೆ ಭುಜ, ಕಲ್ಲಿನ ತಂಪು ಎಂದು ಬರೆದಿದ್ದೀರಿ. ಸುಳ್ಳು ಎನ್ನುವುದಿಲ್ಲ. ಆದರೆ ಅದು ಒಳಗೆ ಹೋದವರ ನೆನಪು. ಲೈವ್ ನೋಡುವಾಗ ನನ್ನನ್ನು ಯಾರೂ ನೀನು ಯಾರ ಪೈಕಿ ಎಂದು ಕೇಳಲಿಲ್ಲ.

ಗದಗ_ಗಿರಣಿಚಾಳ · 11:40

ಎಲ್ಲದಕ್ಕೂ ಜಾತಿ ಯಾಕೆ ತರುತ್ತೀರಿ. ಒಳ್ಳೆ ಚರ್ಚೆ ನಡೆಯುತ್ತಿತ್ತು.

ಹಾವೇರಿ_ಏಲಕ್ಕಿ · 11:43

ನಾನು ತರಲಿಲ್ಲ ಅಣ್ಣ. ಅದು ಕಟ್ಟೆಯ ಮೇಲೇ ಇತ್ತು.

ಮುಳಗುಂದ_ನಾಕಾ · 11:58

ಹಾವೇರಿಯವರೇ, ಕಲ್ಲಿನ ತಂಪಿನ ಬಗ್ಗೆ ಬರೆದವನು ನಾನು. ಯಾವ ಗುಡಿಯಲ್ಲೂ ಯಾರೂ ನನ್ನನ್ನು ಹೊರಗೆ ನಿಲ್ಲಿಸಿಲ್ಲ, ಕೈ ಹಿಡಿದು ಒಳಗೆ ಕರೆದೊಯ್ದಿದ್ದಾರೆ. ಬರೆಯುವಾಗ ಈ ಮಾತು ತಲೆಗೆ ಬರಲಿಲ್ಲ.

ಮುರುಘಾಮಠ_ಓಣಿ · ಬುಧವಾರ, ಬೆಳಿಗ್ಗೆ 6:50

ನನ್ನ ಎಂಟರ ಲೆಕ್ಕ ಮತ್ತೆ ಓದಿದೆ. ಪ್ರಸಾದ ಫೋನಿನಲ್ಲಿ ಬರುವುದಿಲ್ಲ ಎಂದು ದೊಡ್ಡದಾಗಿ ಬರೆದಿದ್ದೆ. ಡಂಬಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಗೆ ಬಂದಿದ್ದೀರಾ? ರೊಟ್ಟಿ, ಪಲ್ಯ, ಕರಿಂಡಿ, ಎಲ್ಲ ಜಾತಿಯವರೂ ಒಟ್ಟಿಗೆ ಕೂತು ಉಣ್ಣುವುದೇ ಅಲ್ಲಿ ಜಾತ್ರೆ. ಬರುವ ವರ್ಷ ಬನ್ನಿ. ನಮ್ಮ ಮನೆಯವರೆಲ್ಲ ಹೋಗುತ್ತೇವೆ. ಸುಮ್ನೆ ಬಾಯಿ ಮಾತಿಗೆ ಕರೆಯುತ್ತಿಲ್ಲ.

ಹಾವೇರಿ_ಏಲಕ್ಕಿ · 7:15

ರಜೆ ಸಿಕ್ಕರೆ ಬರುತ್ತೇನೆ ಅಕ್ಕಾ. ಕರಿಂಡಿ ನನಗೆ ಜೀವ.

ಉಣಕಲ್_ದಂಡೆ · ಗುರುವಾರ, ರಾತ್ರಿ 8:30

ನಿನ್ನೆ ಮತ್ತು ಇವತ್ತು ಕೂತು ಇಷ್ಟನ್ನೂ ಅವ್ವನಿಗೆ ಓದಿ ಹೇಳಿದೆ. ಭಟ್ಟರ ಕನ್ನಡಿ ಶ್ರಾದ್ಧಕ್ಕೆ ಬಹಳ ನಕ್ಕರು. ಬಸವಣ್ಣನ ಟೆನ್ಷನ್‌ಗೆ ನಗಲಿಲ್ಲ, ಸಿಟ್ಟಾದರು.

ಇಷ್ಟು ದಿನ ನಾನು ಅವ್ವನಿಗೆ ಬೇಕಾಗಿರುವುದು ದರ್ಶನ ಎಂದುಕೊಂಡಿದ್ದೆ. ಅದಕ್ಕೆ ದೊಡ್ಡ ಸ್ಕ್ರೀನಿನ ಟ್ಯಾಬ್ ತರುವ ಯೋಚನೆಯಲ್ಲಿದ್ದೆ. ಕೇಳಿದರೆ ಅವರು ಹೇಳಿದ್ದೇ ಬೇರೆ. ಸೋಮವಾರ ಮಠಕ್ಕೆ ಹೋದಾಗ ಆರತಿ ಆದ ಮೇಲೆ ದಾಸೋಹದ ಕಡೆ ಹೋಗಿ ಮೆಂತ್ಯ ಸೊಪ್ಪು ಸೋಸುತ್ತಿದ್ದರಂತೆ, ಹತ್ತು ಹನ್ನೆರಡು ಹೆಂಗಸರು ಸುತ್ತ ಕೂತು. ಇಷ್ಟು ವರ್ಷ ನನಗೆ ಇದು ಗೊತ್ತೇ ಇರಲಿಲ್ಲ. "ದೇವರನ್ನ ಫೋನಿನ್ಯಾಗ ನೋಡಬಹುದೋ, ಆದರ ನನ್ನ ಕೈಗೆ ಅಲ್ಲಿ ಕೆಲಸ ಇತ್ತು" ಎಂದರು. ಬಾಗಿಲವರೆಗೆ ಕಾರು ಹೋಗುತ್ತದಾ, ಗಾಲಿ ಕುರ್ಚಿ ಸಿಗುತ್ತದಾ ಎಂದು ವಿಚಾರಿಸುತ್ತಿದ್ದೇನೆ. ತಿಂಗಳಿಗೆ ಒಂದು ಸೋಮವಾರ ಆದರೂ. ಉಳಿದ ಸೋಮವಾರಕ್ಕೆ ಫೋನು, ಚಪ್ಪಲಿ ಬಿಟ್ಟು. ಕಾಲ ಕೆಳಗೆ ಹಳೆಯ ಕೌದಿ ಹಾಸಿಕೊಟ್ಟಿದ್ದೇನೆ.

ಹಾವೇರಿಯವರ ಮಾತು ಓದಿದಾಗ ಅವ್ವ ಇನ್ನೊಮ್ಮೆ ಓದು ಎಂದರು. ಓದಿದೆ. ಸ್ವಲ್ಪ ಹೊತ್ತು ಬಿಟ್ಟು, "ಆ ಹುಡುಗನ್ನ ಕೇಳು, ಅವರೂರ ದೇವರು ಹೆಂಗಿದ್ದಾನಂತ" ಎಂದರು. ನಿಮಗೆ ಬೇಸರ ಇಲ್ಲದಿದ್ದರೆ ಹೇಳಿ.

ಹಾವೇರಿ_ಏಲಕ್ಕಿ · 10:05

ಅವ್ವನಿಗೆ ಹೇಳಿ. ಸಣ್ಣ ಕಲ್ಲು. ಒಂದು ಮೊಳ ಇರಬಹುದು. ಎಣ್ಣೆ ಹಚ್ಚಿ ಹಚ್ಚಿ ಕಪ್ಪಗಾಗಿದೆ. ಬೆಳ್ಳಿಯ ಕಣ್ಣು ಕೂರಿಸಿದ್ದಾರೆ, ಎಡಗಣ್ಣು ಸ್ವಲ್ಪ ಓರೆ. ನಾನು ದೊಡ್ಡದಿರುತ್ತದೆ ಅಂದುಕೊಂಡಿದ್ದೆ.